ಅಲಗಿನ ವಯಸ್ಸು ಬೇರೆ, ಹಿಡಿಯ ವಯಸ್ಸು ಬೇರೆ

ನೈಜೀರಿಯಾದಲ್ಲಿ ಕೆಲಸ ಮಾಡಿದ್ದ ನಿಮ್ಮ ತಾತನವರು ತಂದ ಮಚ್ಚಿನ ಅಲಗಿನಲ್ಲಿ ಮೊಸಳೆಯ ಚಿತ್ರ, ಬಾಣದ ಗುರುತು ಹಾಗೂ 1943 ಎಂಬ ಅಂಕಿ ಇದ್ದು, ಹಿಡಿಯಲ್ಲಿ ಮನುಷ್ಯನ ತಲೆಯನ್ನು ಕೆತ್ತಲಾಗಿದೆ. ಇಡೀ ವಸ್ತು ಆಫ್ರಿಕಾದ್ದೇ ಎಂಬುದು ನಿಮ್ಮ ಪ್ರಶ್ನೆ. ಅಲಗಂತೂ ಅಲ್ಲಿಯದಲ್ಲ. ಮೊಸಳೆ ಬರ್ಮಿಂಗ್‌ಹ್ಯಾಮ್‌ನ ಮಾರ್ಟಿಂಡೇಲ್ ಕಂಪನಿಯ ಗುರುತು, ಅಗಲವಾದ ಬಾಣ ಬ್ರಿಟಿಷ್ ಸರ್ಕಾರದ ಸ್ವತ್ತಿನ ಮುದ್ರೆ. ಆದ್ದರಿಂದ ಅದು ಯುದ್ಧಕಾಲದ ಸೇನಾ ಮಚ್ಚು. ಆ ವರ್ಷಗಳಲ್ಲಿ ಬ್ರಿಟಿಷ್ ಸೇನೆಯ ಪಶ್ಚಿಮ ಆಫ್ರಿಕಾದ 81ನೇ ಡಿವಿಷನ್ ಭಾರತಕ್ಕೆ ಬಂದು, ಬಳಿಕ ಬರ್ಮಾದ ಅರಾಕಾನ್ ಕಾಡುಗಳಲ್ಲಿ ಹೋರಾಡಿತ್ತು; ನಿಮ್ಮ ಮಚ್ಚೂ ಅಲ್ಲಿಗೆ ಹೋಗಿತ್ತೆಂದು ಊಹಿಸುವುದು ಚೆಂದವೇ, ಆದರೆ ಅಂಕಿಯೊಂದೇ ಅದಕ್ಕೆ ಸಾಕ್ಷಿಯಾಗದು.

1943 ಅಲಗಿನ ವರ್ಷವೇ ಹೊರತು ಕೆತ್ತನೆಯದಲ್ಲ. ಕಾರ್ಖಾನೆಯ ಹಿಡಿ ಸಾಮಾನ್ಯವಾಗಿ ಎರಡು ಚಪ್ಪಟೆ ತುಂಡುಗಳನ್ನು ರಿವೆಟ್ಟುಗಳಿಂದ ಬಿಗಿದದ್ದು. ನಿಮ್ಮದು ಒಂದೇ ಮರದ ತುಂಡಾಗಿದ್ದು, ಅಲಗಿನ ಬಾಲವನ್ನು, ಅಂದರೆ ಹಿಡಿಗೆ ಸೇರುವ ಅದರ ತುದಿಯನ್ನು, ಆ ಮರದೊಳಗೆ ತೂರಿಸಿದ್ದರೆ, ಹಿಡಿ ನಂತರ ಹಾಕಿದ್ದೆಂದು ಬಹುತೇಕ ಹೇಳಬಹುದು. ಅಲಗು ಹಿಡಿಯೊಳಗೆ ಸೇರುವ ಕಡೆ ದೀಪ ಹಿಡಿದು ನೋಡಿ: ಬಾಲದಲ್ಲಿ ಖಾಲಿ ರಿವೆಟ್ ರಂಧ್ರದ ಅಂಚು ಇಣುಕಿದರೆ ಸಂದೇಹವೇ ಉಳಿಯದು. ಅಂಗೈ ತಾಗುವ ಕಡೆ ಕೆತ್ತನೆ ಸವೆದು ನುಣುಪಾಗಿ, ಗಲ್ಲದ ಕೆಳಗಿನ ಗೀರುಗಳು ಮಾತ್ರ ಚೂಪಾಗಿ ಉಳಿದಿದ್ದರೆ ಅದು ದುಡಿದ ಮಚ್ಚು. ಎಲ್ಲೆಡೆ ಒಂದೇ ಹೊಳಪಿದ್ದರೆ ಪ್ರವಾಸಿಗರಿಗೆಂದು ಕೆತ್ತಿದ್ದೆಂದು ನಾನು ಶಂಕಿಸುತ್ತೇನೆ. ದಯವಿಟ್ಟು ಮರಳು ಕಾಗದ ಮುಟ್ಟಿಸಬೇಡಿ. ಅಲಗಿಗೆ ತೆಳುವಾಗಿ ಎಣ್ಣೆ ಸವರಿ, ಹಿಡಿಯ ಬುಡದ ಹತ್ತಿರದ ಚಿತ್ರವೊಂದನ್ನು ಕಳಿಸಿ.