ಗಂಜಿ ಕವರಲ್ಲಿ ಚಕ್ಲಿ ಗರಿಗರಿ ಉಳಿಯುತ್ತಾ?

ಪ್ರಶ್ನೆ: ಮನೇಲಿ ಚಕ್ಲಿ, ಕೋಡುಬಳೆ ಮಾಡಿ ಮಾರ್ತೀನಿ. ಪ್ಲಾಸ್ಟಿಕ್ ಬದ್ಲು ಜೋಳ, ಮರಗೆಣಸಿನ ಪಿಷ್ಟದಿಂದ ಮಾಡಿದ ಕವರ್ ಬಂದಿದೆ ಅಂತಾರೆ. ಅದ್ರಲ್ಲಿ ಹಾಕಿದ್ರೆ ತಿಂಡಿ ಕೆಡಲ್ವಾ? ತಿಪ್ಪೆಗೆ ಎಸೆದ್ರೆ ನಿಜವಾಗ್ಲೂ ಮಣ್ಣಾಗುತ್ತಾ?
– ಓದುಗರೊಬ್ಬರು, ತುಮಕೂರು

ಉತ್ತರ: ಅಕ್ಕಾ, ಅನ್ನ ಬಸಿದ ಗಂಜಿ ಪಾತ್ರೆ ಅಂಚಲ್ಲಿ ಒಣಗಿ ತೆಳ್ಳಗೆ ಪೊರೆ ಥರ ಎದ್ದು ಬರುತ್ತಲ್ಲ, ಈ ಕವರಿನ ಮೂಲ ಅದೇನೇ. ಪಿಷ್ಟ ನೀರಲ್ಲಿ ಬೆಂದು ಉಬ್ಬಿ, ಆಮೇಲೆ ಒಣಗೋವಾಗ ಅದ್ರ ಉದ್ದುದ್ದ ಎಳೆಗಳು ಒಂದಕ್ಕೊಂದು ಹೆಣ್ಕೊಂಡು ಹಾಳೆ ಆಗುತ್ತೆ. ಆದ್ರೆ ಬರೀ ಗಂಜಿ ಹಾಳೆ ಮಡಚಿದ್ರೆ ಪಟ್ ಅಂತ ಮುರಿಯುತ್ತೆ, ಅದಕ್ಕೇ ಗ್ಲಿಸರಿನ್ ಅನ್ನೋ ಮಂದ ದ್ರವ ಸೇರಿಸ್ತಾರೆ, ಅದು ಎಳೆಗಳ ಮಧ್ಯೆ ಸೇರ್ಕೊಂಡು ಹಾಳೆ ಬಾಗೋ ಹಾಗೆ ಮಾಡುತ್ತೆ.

ನಿಮ್ಮ ಚಕ್ಲಿಗೆ ತೊಂದ್ರೆ ಶುರುವಾಗೋದೂ ಇಲ್ಲೇ. ಪಿಷ್ಟನೂ ನೀರು ಎಳ್ಕೊಳುತ್ತೆ, ಗ್ಲಿಸರಿನ್ನೂ ಎಳ್ಕೊಳುತ್ತೆ, ಮಳೆಗಾಲದಲ್ಲಿ ಹೊರಗಿಟ್ಟ ಹಪ್ಪಳ ಮೆತ್ತಗಾಗುತ್ತಲ್ಲ ಹಾಗೇ ಈ ಕವರೂ ಗಾಳಿಯ ತೇವ ಹೀರಿ ಒಳಗಡೆ ದಾಟಿಸಿಬಿಡುತ್ತೆ. ಆದ್ರೆ ಒಂದು ಒಳ್ಳೆ ಗುಣ ಹೇಳ್ಲೇಬೇಕು, ಒಣಗಿರೋವಾಗ ಇದು ಆಮ್ಲಜನಕವನ್ನ ಚೆನ್ನಾಗಿ ತಡೆಯುತ್ತೆ, ಎಣ್ಣೇನೂ ಆಚೆ ಜಿನುಗಲ್ಲ, ಕರಿದ ತಿಂಡಿ ಬೇಗ ಕಮಟು ಹಿಡಿಯೋದನ್ನ ತಡೆಯೋಕೆ ಬೇಕಾಗಿರೋದು ಇದೇ ತಾನೇ.

ತೇವದ ಈ ಕಾಟ ಹಳೇದು. ಮರದ ನಾರಿನ ಅಂಶವಾದ ಸೆಲ್ಯುಲೋಸ್‌ನಿಂದ ಸೆಲ್ಲೋಫೇನ್ ಅನ್ನೋ ತೆಳ್ಳನೆ ಪಾರದರ್ಶಕ ಹಾಳೆ ಮಾಡಿದ್ದು ಸ್ವಿಟ್ಜರ್ಲೆಂಡಿನ ಬ್ರಾಂಡನ್‌ಬರ್ಗರ್, ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಅದೂ ತೇವವನ್ನ ಒಳಗೆ ಬಿಡ್ತಿತ್ತು. 1927ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ವಿಲಿಯಂ ಹೇಲ್ ಚಾರ್ಚ್ ಅದ್ರ ಮೇಲೆ ತೆಳ್ಳಗೆ ಲ್ಯಾಕರ್ (ವಾರ್ನಿಷ್ ಥರದ ಲೇಪ) ಬಳಿದು ತೇವ ತಡೆದ್ಮೇಲೇನೇ ತಿಂಡಿ ಸುತ್ತೋಕೆ ಅದಕ್ಕೆ ಭಾರಿ ಬೇಡಿಕೆ ಬಂತು. ಪಿಷ್ಟದ ಹಾಳೆಗೂ ಈಗ ಜೇನುಮೇಣ ಬಳಿಯೋದು, ಬೇರೆ ಪದರ ಜೋಡಿಸೋದು ಎಲ್ಲಾ ನಡೀತಿರೋದು ಇದಕ್ಕೇ.

ಇನ್ನು ತಿಪ್ಪೆ ವಿಷ್ಯ. ಬರೀ ಪಿಷ್ಟ, ಗ್ಲಿಸರಿನ್ ಹಾಳೆ ಆದ್ರೆ ಒದ್ದೆ ಮಣ್ಣಲ್ಲಿ ಬೇಗ ಕರಗಿ ಹೋಗುತ್ತೆ, ಸೂಕ್ಷ್ಮಜೀವಿಗಳಿಗೆ ಅದು ಊಟ. ಆದ್ರೆ ಅಂಗಡೀಲಿ ‘ಕಾಂಪೋಸ್ಟಬಲ್’ (ಗೊಬ್ಬರ ಆಗುವಂಥದ್ದು) ಅಂತ ಸಿಗೋ ಎಷ್ಟೋ ಕವರಲ್ಲಿ ಪಿಷ್ಟದ ಜೊತೆ ಪಿಎಲ್‌ಎ (ಗಿಡದ ಸಕ್ಕರೆಯಿಂದ ಮಾಡಿದ್ದು), ಪಿಬಿಎಟಿ (ಪೆಟ್ರೋಲಿಯಂನಿಂದ ಮಾಡಿದ್ದು) ಅನ್ನೋ ಪ್ಲಾಸ್ಟಿಕ್ ಥರದ ಪಾಲಿಮರ್ ಬೆರೆತಿರುತ್ತೆ, ಪಿಎಲ್‌ಎ ಸರಿಯಾಗಿ ಕೊಳೀಬೇಕಂದ್ರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿ ಇರೋ ದೊಡ್ಡ ಕಾಂಪೋಸ್ಟ್ ಘಟಕ ಬೇಕು, ಹಿತ್ತಲ ಗುಂಡೀಲಿ ತುಂಬಾ ದಿನ ಹಾಗೇ ಬಿದ್ದಿರುತ್ತೆ. ಗಿರಾಕಿಗೆ ಇದನ್ನ ಹೇಳ್ದೆ ‘ಮಣ್ಣಾಗುತ್ತೆ’ ಅಂತ ಮಾರೋದು ನನಗಂತೂ ಸರಿ ಕಾಣಲ್ಲ. ಕೊಳ್ಳೋವಾಗ ಐಎಸ್‌ಒ 17088 (ಗೊಬ್ಬರ ಆಗೋ ಪ್ಲಾಸ್ಟಿಕ್ಕಿನ ಮಾನದಂಡ) ಗುರುತು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಕೇಳಿ, ಆಹಾರ ಇಡೋಕೆ ಆಗುತ್ತಾ ಅಂತಾನೂ ಬೇರೆಯಾಗಿ ಕೇಳಿ.

ಸದ್ಯಕ್ಕೆ ಎರಡು ಮೂರು ದಿನದಲ್ಲಿ ಖರ್ಚಾಗೋ ಮಾಲಿಗೆ ಮಾತ್ರ ಬಳಸಿ ನೋಡಿ, ಪಕ್ಕದ ಬೀದಿ ಗಿರಾಕಿಗಳಿಗೆ ಸ್ಟೀಲ್ ಡಬ್ಬಿ ತರೋಕೆ ಹೇಳಿ. ಜಾಸ್ತಿ ಕವರ್ ಕೊಳ್ಳೋಕೆ ಮುಂಚೆ ನಾಲ್ಕು ಚಕ್ಲಿ ಆ ಕವರಲ್ಲಿ, ನಾಲ್ಕು ಡಬ್ಬೀಲಿ ಹಾಕಿಟ್ಟು ದಿನಾ ಒಂದೊಂದು ಮುರಿದು ನೋಡಿ, ಅದೂ ಮಳೆ ಹಿಡಿದಿರೋ ವಾರದಲ್ಲೇ.