ಹಿತ್ತಲಿನ ಸಂರಕ್ಷಿತ ಬೀಚ್ ಮರ: ಅರ್ಜಿ ಹಾಕಿ ಕಾಯಬೇಕಾ, ಕಡಿಸಿ ದಂಡ ಕಟ್ಟಬೇಕಾ?

ಮರದ ನೆರಳಿಗೆ ತರಕಾರಿ ಬರುತ್ತಿಲ್ಲ, ಕಡಿಸಿ ದಂಡ ಕಟ್ಟಿಬಿಡುವುದೇ ಅಗ್ಗವಲ್ಲವೇ ಎಂದು ಕೇಳಿದ್ದೀರಿ. ನಮ್ಮ ಹಿತ್ತಲಲ್ಲೂ ಬೀಚ್ (beech) ಎಂಬ ದಟ್ಟ ನೆರಳಿನ ದೊಡ್ಡ ಮರವೇ ಇತ್ತು. ಈಗ ಇಲ್ಲ.

2017ರಲ್ಲಿ ದಕ್ಷಿಣ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಮನೆ ತಗೊಂಡೆವು. ಬೀಚ್ ಕೆಳಗೆ ಹುಲ್ಲೂ ಸರಿಯಾಗಿ ಬರುವುದಿಲ್ಲ, ನಿಮಗೆ ಗೊತ್ತೇ ಇದೆ. ನನ್ನ ಹೆಂಡತಿಗೆ ಮೆಂತ್ಯ, ಹುರುಳಿಕಾಯಿ ಬೆಳೆಯುವ ಆಸೆ. ಪಕ್ಕದ ಮನೆಯವರು ಹಿಂದಿನ ವರ್ಷ ಚೆರ್ರಿ ಮರ ಕಡಿಸಿದ್ದರು. ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ನೋಟಿಸ್ ಕಳಿಸಿ, 6 ವಾರ ಕಾದು, ಉತ್ತರ ಬರದಿದ್ದಾಗ ಕಡಿಸಿದರಂತೆ. ನಾನೂ ಒಂದು ಇಮೇಲ್ ಕಳಿಸಿದೆ. ಉತ್ತರ ಬರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂದುಕೊಂಡು 43ನೇ ದಿನ ಮರ ಕಡಿಯುವವರನ್ನು ಕರೆಸಿದೆ. "ಅನುಮತಿ ಇದೆಯಾ?" ಎಂದು ಕೇಳಿದರು. ಇದೆ ಅಂದೆ. ಮೇಲಿನ ಮೂರನೇ ಒಂದು ಭಾಗ ತೆಗೆಸಿದೆ.

ನಾನು ಎಡವಿದ್ದು ಎಲ್ಲಿ ಎಂದು ಬಿಡಿಸಿ ಹೇಳುತ್ತೇನೆ. ನಮ್ಮ ಹಳ್ಳಿ ಕನ್ಸರ್ವೇಶನ್ ಏರಿಯಾ, ಅಂದರೆ ಹಳೆಯ ಚಹರೆ ಉಳಿಸಲು ಕಾನೂನಿನ ರಕ್ಷಣೆ ಇರುವ ಪ್ರದೇಶ. ಇಂಥ ಕಡೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡ 75 ಮಿಲಿಮೀಟರ್‌ಗಿಂತ ಜಾಸ್ತಿ ದಪ್ಪವಿದ್ದರೆ, ಕಡಿಯುವ 6 ವಾರ ಮೊದಲು ತಿಳಿಸಬೇಕು. ಮರ ಉಳಿಯಬೇಕು ಅನ್ನಿಸಿದರೆ ಅಷ್ಟರೊಳಗೆ ಕೌನ್ಸಿಲ್ ಟ್ರೀ ಪ್ರಿಸರ್ವೇಶನ್ ಆರ್ಡರ್ (ಟಿಪಿಒ), ಅಂದರೆ ಒಪ್ಪಿಗೆಯಿಲ್ಲದೆ ಮರ ಕಡಿಯದಂತೆ ರಕ್ಷಿಸುವ ಆದೇಶ ಹೊರಡಿಸಬಹುದು. ಹೊರಡಿಸದಿದ್ದರೆ ಕಡಿಯಬಹುದು. ಚೆರ್ರಿಗೆ ಆಗಿದ್ದು ಇದು. ನನ್ನ ಬೀಚ್‌ಗೆ ಟಿಪಿಒ ಮೊದಲೇ ಇತ್ತು! ಅಂಥ ಮರಕ್ಕೆ ನೋಟಿಸ್ ಸಾಲದು. ನಿಗದಿತ ಫಾರ್ಮ್‌ನಲ್ಲಿ ಅರ್ಜಿ ಹಾಕಿ, ಲಿಖಿತ ಒಪ್ಪಿಗೆ ಕೈಗೆ ಬರುವ ತನಕ ಕಾಯಬೇಕು. 8 ವಾರ ಕಳೆದರೂ ಉತ್ತರವಿಲ್ಲದಿದ್ದರೆ ಮೇಲ್ಮನವಿ ಹಾಕಬಹುದು, ಅಷ್ಟೇ. ಗರಗಸ ಮುಟ್ಟುವಂತಿಲ್ಲ. ಈ ಟಿಪಿಒ ವಿಷಯ ಮನೆ ಕೊಳ್ಳುವಾಗ ಸಾಲಿಸಿಟರ್ (ವಕೀಲರು) ಆಸ್ತಿಯ ದಾಖಲೆ ಹುಡುಕಿಸಿ ಕೊಟ್ಟ ಸರ್ಚ್ ಕಾಗದದಲ್ಲೇ ಒಂದು ಸಾಲಿನಲ್ಲಿತ್ತು. ನಾನು ಓದಿರಲಿಲ್ಲ.

ಗೊತ್ತಿರಲಿಲ್ಲ ಎಂಬ ಮಾತಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ನನಗೂ ದಂಡ ಬಿತ್ತು, ನನ್ನ ಮಾತು ನಂಬಿ ಮರ ಹತ್ತಿದವರಿಗೂ ಬಿತ್ತು. ಅವರದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ. ಬೀಚ್ ಮರದ ತೊಗಟೆ ಬಲು ತೆಳು. ನೂರಾರು ವರ್ಷ ತನ್ನದೇ ನೆರಳಲ್ಲಿದ್ದ ಕೊಂಬೆಗಳಿಗೆ ಒಮ್ಮೆಲೇ ಬಿಸಿಲು ಬಡಿಯಿತು. ತೊಗಟೆ ಸುಟ್ಟು ಸೀಳಿತು. ನಾಲ್ಕನೇ ಬೇಸಿಗೆಗೆ ಮರ ಸತ್ತಿತು. ಅದರ ಜಾಗದಲ್ಲಿ ನೆಟ್ಟ ಬೀಚ್ ಸಸಿ ಈಗ ನನ್ನ ಎದೆಮಟ್ಟ ಇದೆ. ಹಳೆಯ ಟಿಪಿಒ ಅದಕ್ಕೂ ಅನ್ವಯಿಸುತ್ತದೆ.

ಹಾಗಾಗಿ, ದಂಡ ಅಗ್ಗವೇ ಎಂಬ ಲೆಕ್ಕವೇ ತಪ್ಪು. ಮರವನ್ನು ಪೂರ್ತಿ ಕಡಿದರೆ, ಅಥವಾ ಸಾಯುವಂತೆ ಕತ್ತರಿಸಿದರೆ ದಂಡಕ್ಕೆ ಮಿತಿಯೇ ಇಲ್ಲ. ಕಡಿದದ್ದರಿಂದ ನಿಮಗಾದ ಲಾಭವನ್ನೂ ಕೋರ್ಟು ಲೆಕ್ಕಕ್ಕೆ ಹಿಡಿಯುತ್ತದೆ. ಅತ್ತ ಅರ್ಜಿಗೆ ಒಂದು ಪೆನ್ನಿಯೂ ಶುಲ್ಕವಿಲ್ಲ. ಒಣಗಿದ ಕೊಂಬೆ ತೆಗೆಯಲು ಒಪ್ಪಿಗೆಯೇ ಬೇಕಿಲ್ಲ. ಆದರೆ ಬೇರು ಕತ್ತರಿಸಲೂ ಒಪ್ಪಿಗೆ ಬೇಕು, ಅದನ್ನು ಮರೆಯಬೇಡಿ.

ತರಕಾರಿಗೆ ಬಿಸಿಲು ಬೇಕೆಂದರೆ ಪ್ಯಾರಿಷ್ ಕೌನ್ಸಿಲ್‌ನಲ್ಲಿ (ಹಳ್ಳಿ ಮಟ್ಟದ ಕೌನ್ಸಿಲ್) ಅಲಾಟ್‌ಮೆಂಟ್, ಅಂದರೆ ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ನೆಲ ಕೇಳಿ. ನಮ್ಮ ಮೆಂತ್ಯ ಈಗ ಬಾಡಿಗೆಯ ಆ ತುಂಡು ನೆಲದಲ್ಲೇ ಬರುತ್ತಿದೆ. ಮೊದಲೇ ಕೇಳಿದ್ದರೆ ಮರ ಉಳಿಯುತ್ತಿತ್ತು ಅಲ್ವಾ? ಮನೆಗೆ ಬೆಳಕು ಬೇಕಿದ್ದರೆ ಕೆಳಗಿನ ಕೊಂಬೆ ಕೆಲವನ್ನು ತೆಗೆಯಲು ಅರ್ಜಿ ಹಾಕಿ. "ನೆರಳು ಜಾಸ್ತಿ" ಎಂದಷ್ಟೇ ಬರೆಯಬೇಡಿ. ಯಾವ ಕೊಂಬೆ, ನೆಲದಿಂದ ಎಷ್ಟು ಮೀಟರ್‌ವರೆಗೆ, ಯಾಕೆ ಎಂದು ಬರೆದು, ಮರ ಎಲ್ಲಿದೆ ಎಂದು ತೋರಿಸುವ ಒಂದು ನಕ್ಷೆ ಲಗತ್ತಿಸಿ. ಒಪ್ಪಿಗೆ ಸಿಕ್ಕರೆ ಆ ಕೆಲಸ ಮಾಡಿಸಲು ಸಾಮಾನ್ಯವಾಗಿ 2 ವರ್ಷ ಸಮಯವಿರುತ್ತದೆ.