ಸಾಲ್ಸಾ ಹಾಡುಗಳ ಹಿಂದಿನ ವಾದ್ಯಸಂಯೋಜಕ

ಪ್ರಶ್ನೆ: ಲ್ಯಾಟಿನ್ ಸಂಗೀತದ ಆಲ್ಬಂಗಳಲ್ಲಿ ನಿರ್ಮಾಪಕರಾಗಿ ಸರ್ಜಿಯೋ ಜಾರ್ಜ್ ಅವರ ಹೆಸರು ಮತ್ತೆ ಮತ್ತೆ ಕಾಣಿಸುತ್ತದೆ. ಹಾಡುವವರು ಬೇರೆಯವರಾಗಿರುವಾಗ ಇವರ ಪಾತ್ರವೇನು?

ಉತ್ತರ: ನ್ಯೂಯಾರ್ಕ್‌ನ ಪೋರ್ಟೊರಿಕೊ ಮೂಲದ ಕುಟುಂಬದಿಂದ ಬಂದ ಸರ್ಜಿಯೋ ಜಾರ್ಜ್ ಮೂಲತಃ ಪಿಯಾನೋ ವಾದಕರು. 1990ರ ದಶಕದಲ್ಲಿ ಗಾಯಕ ಮಾರ್ಕ್ ಆಂಥನಿ ಲ್ಯಾಟಿನ್ ನೃತ್ಯಸಂಗೀತವಾದ ಸಾಲ್ಸಾ ಕಡೆಗೆ ಹೊರಳಿದಾಗ ಅವರ ಆರಂಭದ ಆಲ್ಬಂಗಳಿಗೆ ರೂಪ ಕೊಟ್ಟವರು ಇವರೇ.

ನಿರ್ಮಾಪಕರಾಗಿರುವುದರ ಜೊತೆಗೆ ಇವರು ವಾದ್ಯಸಂಯೋಜಕರೂ ಹೌದು, ಅಂದರೆ ಹಾಡಿನಲ್ಲಿ ಯಾವ ವಾದ್ಯ ಎಲ್ಲಿ, ಹೇಗೆ ನುಡಿಯಬೇಕೆಂದು ಗೊತ್ತುಮಾಡುವವರು. ಆ ಕೈಚಳಕವನ್ನು ತಿಳಿಯಲು ಮಾರ್ಕ್ ಆಂಥನಿಗಾಗಿ ಇವರು ರೂಪಿಸಿದ 2013ರ ‘ವಿವಿರ್ ಮಿ ವಿದಾ’ ಹಾಡಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಅದರ ಧಾಟಿ ಅಲ್ಜೀರಿಯಾದ ಗಾಯಕ ಖಾಲಿದ್ ಅವರ ನೃತ್ಯಗೀತೆಯೊಂದರದು. ಆ ಗೀತೆಯ ನೇರ, ಸಮನಾದ ಪೆಟ್ಟುಗಳ ಜಾಗದಲ್ಲಿ ಸಾಲ್ಸಾದ ಜೀವಾಳವಾದ ‘ಕ್ಲಾವೆ’ಯನ್ನು, ಅಂದರೆ ಒಂದು ಭಾಗದಲ್ಲಿ ಮೂರು, ಇನ್ನೊಂದರಲ್ಲಿ ಎರಡು ಪೆಟ್ಟುಗಳಿರುವ ಲಯವಿನ್ಯಾಸವನ್ನು ನೆಲೆಗೊಳಿಸಿ, ಪಿಯಾನೋ, ಬೇಸ್, ಕೈಯಿಂದ ಬಾರಿಸುವ ಕಾಂಗಾ ಡ್ರಮ್, ತುತ್ತೂರಿಗಳೆಲ್ಲವೂ ಅದಕ್ಕೆ ಹೊಂದಿಕೊಳ್ಳುವಂತೆ ಮಾಡಬೇಕಾಗುತ್ತದೆ. ಪಿಯಾನೋ ಒಂದೇ ಪುಟ್ಟ ಪಲುಕನ್ನು ಪಟ್ಟುಬಿಡದೆ ನುಡಿಸುತ್ತಿದ್ದರೆ, ಗಾಯಕರು ಉಸಿರೆಳೆಯುವ ಸಣ್ಣ ಬಿಡುವಿನಲ್ಲಿ ತುತ್ತೂರಿಗಳು ಉತ್ತರ ಕೊಡುತ್ತವೆ. ಆ ಬಿಡುವು ಎಷ್ಟಿರಬೇಕೆಂಬ ನಿರ್ಧಾರದಲ್ಲೇ ಹಾಡು ಕುಣಿಸುವುದೋ ಇಲ್ಲವೋ ಎಂಬುದು ಅಡಗಿದೆ. ಅದೇ ವರ್ಷ ಈ ಹಾಡು ‘ವರ್ಷದ ಧ್ವನಿಮುದ್ರಣ’ಕ್ಕೆ ಸಲ್ಲುವ ಲ್ಯಾಟಿನ್ ಗ್ರ್ಯಾಮಿ ಪ್ರಶಸ್ತಿ ಪಡೆಯಿತು.

ನನಗೆ ಇನ್ನೂ ಹೆಚ್ಚು ಪ್ರಿಯವಾದದ್ದು ಎಪ್ಪತ್ತು ದಾಟಿದ್ದ ಕ್ಯೂಬಾ ಮೂಲದ ಗಾಯಕಿ ಸೇಲಿಯಾ ಕ್ರೂಸ್ ಅವರಿಗಾಗಿ ಇವರು ರೂಪಿಸಿದ 2001ರ ‘ಲಾ ನೆಗ್ರಾ ತಿಯೆನೆ ತುಂಬಾವೊ’. ಸಾಲ್ಸಾದೊಳಗೆ ರ‍್ಯಾಪ್ ಬೆರೆತಿದ್ದರೂ ಆ ಹಿರಿಯ ಕಂಠದ ಗತ್ತು ಅಲ್ಲಿ ಒಂದಿಷ್ಟೂ ಮಸುಕಾಗಿಲ್ಲ.